ಭಾನುವಾರದ ಸೊಸೆ

ಮದುವೆಗೆ ನೆಂಟರು ಕಡಿಮೆ ಬಿದ್ದವರಿಗೆ ನೆಂಟರನ್ನು ಒದಗಿಸುವ ಕಚೇರಿಯೊಂದು ಬೂಸಾನಿನಲ್ಲಿತ್ತು. ಹಾರಿಮ್ ಎಂಬಾಕೆ ಅಲ್ಲಿ ಎರಡು ವರ್ಷದಿಂದ ದುಡಿಯುತ್ತಿದ್ದಳು. ಈ ಶನಿವಾರ ಹುಡುಗಿಯ ಚಿಕ್ಕಮ್ಮ, ಮುಂದಿನ ಶನಿವಾರ ಹುಡುಗನ ಜೊತೆ ಓದಿದವಳು, ನಡುವೆ ಯಾರದೋ ಅರವತ್ತರ ಸಮಾರಂಭದಲ್ಲಿ ದೂರದಿಂದ ಬಂದ ಸೊಸೆ. ನಲವತ್ತೊಂದು ವಯಸ್ಸಿನ ಅವಳದು ಒಮ್ಮೆ ನೋಡಿದರೆ ನೆನಪಿನಲ್ಲಿ ಉಳಿಯುವ ಮುಖವಲ್ಲ. ಈ ಕೆಲಸಕ್ಕೆ ಅದಕ್ಕಿಂತ ದೊಡ್ಡ ಅರ್ಹತೆ ಬೇಕಿರಲಿಲ್ಲ. ಪಾರ್ಶ್ವವಾಯು ಬಡಿದು ಮಲಗಿದ ತಾಯಿಯನ್ನು ಅವಳು ಒಂಬತ್ತು ವರ್ಷ ನೋಡಿಕೊಂಡಿದ್ದಳು. ತಾಯಿ ತೀರಿಕೊಂಡ ಮೇಲೆ ತಿಂಗಳುಗಟ್ಟಲೆ ಅವಳ ಫೋನಿಗೆ ಔಷಧದಂಗಡಿಯವರನ್ನು ಬಿಟ್ಟು ಬೇರೆ ಯಾರೂ ಕರೆ ಮಾಡಲಿಲ್ಲ. ಗೆಳತಿಯರು ಎಂದೋ ಚದುರಿಹೋಗಿದ್ದರು. ಹಾಗಾಗಿ ಬೇರೆಯವರ ಚಿಕ್ಕಮ್ಮನಾಗಿ ಅರ್ಧ ದಿನ ಕಳೆಯುವುದು ಅವಳಿಗೆ ಸುಳ್ಳು ಅನ್ನಿಸುತ್ತಿರಲಿಲ್ಲ, ಬಿಸಿಲಿಗೆ ಹೋಗಿ ಕೂತಂತೆ ಹಿತವಾಗಿರುತ್ತಿತ್ತು.

ಆ ವರ್ಷದ ಏಪ್ರಿಲ್‌ನಲ್ಲಿ ಒಂದು ಮದುವೆಯ ಊಟದ ಸಾಲಿನಲ್ಲಿ ನಿಂತಿದ್ದಾಗ ಪಕ್ಕದ ಮುದುಕರೊಬ್ಬರಿಗೆ, ಸಾರು ಆರಿಹೋಗುತ್ತೆ, ಮೊದಲು ಅದನ್ನ ಕುಡೀರಿ ಅಂದಳು. ಅವಳ ಹಿಂದೆ ಯಾರದೋ ಕೈಯಿಂದ ತಟ್ಟೆ ಜಾರಿ ನೆಲಕ್ಕೆ ಬಿತ್ತು. ತಿರುಗಿ ನೋಡಿದರೆ ಕಪ್ಪು ಕೋಟಿನ ಗಂಡಸೊಬ್ಬ ಬಿದ್ದ ತಟ್ಟೆಯತ್ತ ಕಣ್ಣೂ ಹಾಯಿಸದೆ ಅವಳ ಬಾಯನ್ನೇ ನೋಡುತ್ತ ನಿಂತಿದ್ದ. ಒಂದು ವಾರದ ನಂತರ ಅವನು ಕಚೇರಿಗೆ ಬಂದ. ಹೆಸರು ಕು ಗಿಹೋ, ಮಸಾನಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು. ಆ ದಿನ ಚಿಕ್ಕಮ್ಮನ ವೇಷದಲ್ಲಿದ್ದ ಹೆಂಗಸೇ ಬೇಕು, ಬೇರೆ ಯಾರೂ ಆಗದು ಅಂದ.

ಕಚೇರಿಯ ಕೆಳಗಿನ ಚಹಾದಂಗಡಿಯಲ್ಲಿ ಕೂತು ಅವನು ತನ್ನ ವಿಷಯ ಹೇಳಿದ. ಹೆಂಡತಿ ಸೊನೋಕ್ ಎರಡು ವರ್ಷದ ಹಿಂದೆ ಕಡಲ ಪಾಲಾದಳು. ಅಲೆ ತಡೆಯುವ ಕಲ್ಲುಕಟ್ಟೆಯ ಮೇಲೆ ಅವಳ ಕಾಲಿನ ಜೋಡು ಮಾತ್ರ ಸಿಕ್ಕಿತು, ದೇಹ ಸಿಗಲಿಲ್ಲ. ತೊಂಗ್‌ಯೊಂಗ್‌ನಲ್ಲಿರುವ ತಾಯಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿವೆ, ಹೃದಯವೂ ದುರ್ಬಲ. ಸೊಸೆ ಸತ್ತಳೆಂದು ಹೇಳಲು ಅವನಿಗೆ ಬಾಯಿ ಬಂದಿಲ್ಲ. ಜಪಾನಿನಲ್ಲಿ ಹೋಟೆಲ್ ಕೆಲಸಕ್ಕೆ ಹೋಗಿದ್ದಾಳೆ ಅಂತ ನಂಬಿಸಿಕೊಂಡು ಬಂದಿದ್ದಾನೆ. ಈಗ ಮುದುಕಿ ದಿನಾ ಅವಳನ್ನು ಕೇಳುತ್ತಾಳೆ. ಪ್ರತಿ ಭಾನುವಾರ ಎರಡು ತಾಸು ಸೊನೋಕ್ ಆಗಿ ಬಂದು ಕೂತರೆ ಸಾಕು.

"ನಿಮ್ಮ ದನಿ ಅವಳದೇ," ಅಂದ ಅವನು. "ಒಂಚೂರೂ ಬೇರೆ ಇಲ್ಲ."

ಹಾರಿಮ್ ಒಪ್ಪಿಕೊಂಡಳು. ಒಪ್ಪಿದ್ದಕ್ಕೆ ಮುದುಕಿಯ ಮೇಲಿನ ಕನಿಕರ ಕಾರಣವೋ, ಒಬ್ಬ ಗಂಡಸು ತನ್ನ ಬಾಯನ್ನು ಹಾಗೆ ನೋಡಿದ್ದು ಕಾರಣವೋ ಅವಳಿಗೇ ಗೊತ್ತಿರಲಿಲ್ಲ.

ಅವನು ಒಂದು ನೋಟ್‌ಬುಕ್ ಕೊಟ್ಟ. ಪುಟಪುಟದಲ್ಲೂ ಸಣ್ಣ ಅಚ್ಚುಕಟ್ಟಾದ ಅಕ್ಷರ. ಸೊನೋಕ್ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಉಪ್ಪುನೀರಲ್ಲಿ ಹಾಕಿದ ಏಡಿ ಅಂದರೆ ಪ್ರಾಣ. ಸಿಟ್ಟು ಬಂದರೆ ಸುಮ್ಮನಾಗುತ್ತಾಳೆ, ಎದುರು ಮಾತಾಡುವುದಿಲ್ಲ. ಮೆಟ್ಟಿಲಿಳಿಯುವಾಗ ಗಂಡನ ತೋಳು ಹಿಡಿಯುತ್ತಾಳೆ. ಎಲ್ಲವೂ ಮಾಡುತ್ತಾಳೆ, ಹಿಡಿಯುತ್ತಾಳೆ ಎಂದೇ ಇತ್ತು. ಮಾಡುತ್ತಿದ್ದಳು ಎಂಬ ಮಾತು ಒಂದು ಕಡೆಯೂ ಇರಲಿಲ್ಲ. ಜೊತೆಗೆ ಸೊನೋಕಳ ಕನ್ನಡಕದ ಚೌಕಟ್ಟು. ಅಮ್ಮ ಮುಖ ಮುಟ್ಟಿ ನೋಡ್ತಾಳೆ, ಇದು ಇರಲೇಬೇಕು ಅಂದ. ಒಳಗೆ ಬರೀ ಗಾಜು ಹಾಕಿದ್ದ.

ಮೊದಲ ಭಾನುವಾರ ತೊಂಗ್‌ಯೊಂಗ್ ಬಂದರಿನ ಮೇಲಿನ ಇಳಿಜಾರಿನ ಮನೆಯಲ್ಲಿ ಗಿಹೋನ ತಾಯಿ ಜೊಂಬುನಮ್ಮ ಕೆಳಗಿನಿಂದ ಕಾಯಿಸಿದ ನೆಲದ ಮೇಲೆ ಕೂತಿದ್ದಳು. ಹಾರಿಮ್ ಬಾಗಿ ನಮಸ್ಕರಿಸಿ, ಬಂದೆ ಅತ್ತೆ ಅಂದಳು. ಮುದುಕಿ ಕೈಚಾಚಿ ಅವಳ ಬೆರಳುಗಳನ್ನು ಹಿಡಿದಳು, ಆಮೇಲೆ ಕೆನ್ನೆ, ಆಮೇಲೆ ಚೌಕಟ್ಟು. ಗಿಹೋನ ಉಸಿರು ಬಾಗಿಲ ಬಳಿ ನಿಂತುಹೋದಂತಿತ್ತು.

"ಕೈ ತಣ್ಣಗಿದೆ," ಅಂದಳು ಮುದುಕಿ ಕೊನೆಗೆ. "ಉಂಡ್ಯಾ?"

ಬಸ್ಸಿನಲ್ಲಿ ಮರಳುವಾಗ ಗಿಹೋ ಕಿಟಕಿಯ ಕಡೆ ತಿರುಗಿ ಅತ್ತ. ಹಾರಿಮ್ ಅವನ ಮೊಣಕೈ ಮುಟ್ಟಿದಳು. ಅವನು ಆ ಕೈಯನ್ನು ಹಿಡಿದುಕೊಂಡವನು ಮಸಾನ್ ಬರುವವರೆಗೂ ಬಿಡಲಿಲ್ಲ.

ಹೀಗೆ ಭಾನುವಾರಗಳು ಕಳೆದವು. ಬೇಸಿಗೆ ಮುಗಿಯುವ ಹೊತ್ತಿಗೆ ವಾರದ ನಡುವೆಯೂ ಅವನ ಫೋನ್ ಬರುತ್ತಿತ್ತು. ಮೊದಮೊದಲು ಪಾಠದ ನೆಪ: ಈ ಮಾತನ್ನ ಹೀಗಲ್ಲ, ಹಾಗೆ ಹೇಳು. ಆಮೇಲೆ ನೆಪವೂ ಬೇಕಾಗಲಿಲ್ಲ. ಊಟ ಆಯ್ತಾ, ಚಳಿ ಇದೆಯಾ, ಎಲ್ಲಿದ್ದೀಯ, ಜೊತೆಗೆ ಯಾರಿದ್ದಾರೆ. ಒಂಬತ್ತು ವರ್ಷ ಯಾರೂ ಏನೂ ಕೇಳದ ಹೆಂಗಸಿಗೆ ದಿನಕ್ಕೆ ಒಂಬತ್ತು ಸಲ ಇಂಥ ಪ್ರಶ್ನೆ ಬಂದರೆ ಏನಾಗಬೇಕೋ ಅದೇ ಆಯಿತು. ಮದುವೆ ಮನೆಯ ಕೆಲಸಗಳಿಗೆ ಅವಳು ಹೋಗುವುದನ್ನು ಬಿಟ್ಟಳು. ನವೆಂಬರ್‌ನಲ್ಲಿ ಬೂಸಾನಿನ ಕೋಣೆ ಖಾಲಿ ಮಾಡಿ ಎರಡು ಪೆಟ್ಟಿಗೆ ಹಿಡಿದು ಮಸಾನಿಗೆ, ಅಂಗಡಿಯ ಮೇಲಿನ ಅವನ ಮನೆಗೆ ಬಂದಳು. ಪೆಟ್ಟಿಗೆಗಳನ್ನು ಬಿಚ್ಚುವ ಅಗತ್ಯವೇ ಬರಲಿಲ್ಲ. ಬೀರುವಿನ ತುಂಬ ಸೊನೋಕಳ ಬಟ್ಟೆಗಳಿದ್ದವು, ಅಳತೆಯೂ ಹೆಚ್ಚುಕಡಿಮೆ ಸರಿಹೋಗುತ್ತಿತ್ತು.

ಕೆಳಗಿನ ಮೀನಿನಂಗಡಿಯಾಕೆ ಹೊಸಬರಾ ಅಂತ ಕೇಳಿದಾಗ ಗಿಹೋ, ನನ್ನ ಹೆಂಡತಿ ಅಂದ. ಹಾರಿಮ್‌ಗೆ ಎದೆ ಝಲ್ಲೆಂದಿತು, ಸಂತೋಷದಿಂದ. ಆ ಸಂತೋಷದ ಧೈರ್ಯದಲ್ಲಿ ಅದೇ ಸಂಜೆ, ಇಬ್ಬರೇ ಇರುವಾಗಲಾದರೂ ನನ್ನನ್ನು ಹಾರಿಮ್ ಅನ್ನಿ ಎಂದು ಕೇಳಿದಳು. ಅವನು ಚಮಚ ಕೆಳಗಿಟ್ಟ. ಮೂರು ದಿನ ಮಾತಾಡಲಿಲ್ಲ. ಬೈಯಲಿಲ್ಲ, ಎದ್ದು ಹೋಗಲಿಲ್ಲ. ಅವಳಿಲ್ಲದ ಮನೆಯಲ್ಲಿ ಓಡಾಡುವಂತೆ ಓಡಾಡಿದ. ನಾಲ್ಕನೆಯ ಬೆಳಿಗ್ಗೆ ಅವಳೇ ಏಡಿ ತಂದು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವನು ಕಣ್ಣು ತುಂಬಿಕೊಂಡು, ಬಂದ್ಯಾ ಸೊನೋಕ್ ಅಂದ. ಅವಳು ಮತ್ತೆಂದೂ ಹೆಸರಿನ ಮಾತೆತ್ತಲಿಲ್ಲ.

ಚಳಿಗಾಲದ ನಡುವೆ ಅವನು ಕನ್ನಡಕದಿಂದ ಬರೀ ಗಾಜು ತೆಗೆದು ಸೊನೋಕಳ ಮಸೂರಗಳನ್ನೇ ಕೂರಿಸಿದ. ಕುರುಡಿಯೊಬ್ಬಳ ಮುಂದೆ ಹಾಕಿಕೊಳ್ಳುವ ಕನ್ನಡಕಕ್ಕೆ ಇದೇಕೆ ಎಂದು ಅವಳು ಕೇಳಲಿಲ್ಲ. ಕೇಳಿದರೆ ಇನ್ನು ಮೂರು ದಿನ. ಹಾಕಿಕೊಂಡ ಕೂಡಲೇ ಬೀದಿ ಕರಗಿತು, ದೀಪಗಳು ಊದಿಕೊಂಡವು, ಮೆಟ್ಟಿಲುಗಳ ಅಂಚು ಮಾಯವಾಯಿತು. ಒಂದು ವಾರ ತಲೆ ಸಿಡಿಯಿತು. ಆಮೇಲೆ ಅದೂ ರೂಢಿಯಾಯಿತು. ಮೆಟ್ಟಿಲಿಳಿಯುವಾಗ ಅವಳು ತಾನಾಗಿಯೇ ಅವನ ತೋಳು ಹಿಡಿಯತೊಡಗಿದಳು. ಆ ದಿನಗಳಲ್ಲಿ ಅವನಷ್ಟು ಸುಖವಾಗಿದ್ದ ಗಂಡಸನ್ನು ಅವಳು ನೋಡಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿಗೆ ಚೌಕಟ್ಟು ಕೂರಿಸುತ್ತ ಗುನುಗುತ್ತಿದ್ದ. ಆ ಗುನುಗು ಮಾಳಿಗೆಗೆ ಕೇಳಿಸಿದರೆ ಅವಳಿಗೂ ಕಣ್ಣು ಮಂಜಾಗಿದ್ದು ಮರೆತುಹೋಗುತ್ತಿತ್ತು.

ಫೆಬ್ರವರಿಯ ಕೊನೆಯ ಭಾನುವಾರ ತೊಂಗ್‌ಯೊಂಗ್‌ನಲ್ಲಿ ಗಿಹೋ ಅಡುಗೆಗೆ ಸಿಂಪಿ ತರಲೆಂದು ಪೇಟೆಗೆ ಇಳಿದ. ಹಾರಿಮ್ ಮುದುಕಿಯನ್ನು ಪಕ್ಕಕ್ಕೆ ಹೊರಳಿಸಿ ಬೆನ್ನು ಒರೆಸುತ್ತಿದ್ದಳು. ಗೇಟಿನ ಸದ್ದು ನಿಂತಿತು. ಅವನ ಹೆಜ್ಜೆ ಇಳಿಜಾರಿನಲ್ಲಿ ದೂರವಾಗುವವರೆಗೂ ಮುದುಕಿ ಕಿವಿಗೊಟ್ಟು ಕಾದಳು.

"ನಿನ್ನ ನಿಜವಾದ ಹೆಸರೇನು ಮಗಾ?" ಅಂದಳು.

ಹಾರಿಮಳ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು.

"ಹೆದರ್ಬೇಡ. ಮೊದಲ ದಿನ ನೀನು ನನ್ನ ಮಲಗಿಸಿದಾಗ್ಲೇ ಗೊತ್ತಾಯ್ತು. ಸೊನೋಕ್‌ಗೆ ರೋಗಿಯನ್ನ ಹೊರಳಿಸೋಕೆ ಬರಲ್ಲ ಕಣೇ. ಒಂದ್ಸಲ ನನ್ನ ತೋಳೇ ತಿರುಚಿಬಿಟ್ಟಿದ್ಲು. ನೀನು ಯಾರನ್ನೋ ವರ್ಷಗಟ್ಲೆ ನೋಡ್ಕೊಂಡಿದ್ದೀಯ. ದನಿಯೂ ಅವಳದ್ದಲ್ಲ, ಹತ್ತಿರಕ್ಕೂ ಇಲ್ಲ."

ಹಾರಿಮ್ ತನ್ನ ಹೆಸರು ಹೇಳಿದಳು. ಎಷ್ಟು ತಿಂಗಳಾಗಿತ್ತೋ ಆ ಹೆಸರನ್ನು ಬಾಯಿಂದ ಹೊರಡಿಸಿ. ಮತ್ತೆ ಯಾಕೆ ಸುಮ್ಮನಿದ್ದಿರಿ ಅತ್ತೆ ಎಂದು ಕೇಳಿದಳು.

ಜೊಂಬುನಮ್ಮ ಮಲಗಿದಲ್ಲಿಂದಲೇ ಹೇಳುತ್ತ ಹೋದಳು. ಮಗ ಹೊಡೆಯುವವನಲ್ಲ, ಕುಡಿಯುವವನಲ್ಲ, ಇನ್ನೊಬ್ಬಳ ಕಡೆ ನೋಡಿದವನಲ್ಲ. ಆದರೆ ಅವನ ಪ್ರೀತಿಯಲ್ಲಿ ಗಾಳಿಯಾಡಲು ಕಿಟಕಿಯೇ ಇರಲಿಲ್ಲ. ಅಂಗಡಿಗೆ ಇಳಿಯುವಾಗ ಹೆಂಡತಿಯ ಜೋಡುಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದ. ತಾಸಿಗೊಂದು ಫೋನ್. ಸೊನೋಕಳಿಗೆ ಕಣ್ಣು ವರ್ಷವರ್ಷಕ್ಕೂ ಮಂಜಾಗುತ್ತ ಬಂತು, ಅವನ ತೋಳಿಲ್ಲದೆ ರಸ್ತೆ ದಾಟಲಾರದಷ್ಟು. ಒಮ್ಮೆ ಕದ್ದು ಬೇರೆ ಊರಿನ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿದಳು. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಮಸೂರಗಳೇ ತಪ್ಪಾಗಿದ್ದವು. ಪ್ರತಿಸಲವೂ ಸ್ವಲ್ಪಸ್ವಲ್ಪವಾಗಿ ಅವನೇ ಕೆಡಿಸುತ್ತ ಬಂದಿದ್ದ.

ಹಾರಿಮ್ ಮೂಗಿನ ಮೇಲಿದ್ದುದನ್ನು ಮೆಲ್ಲನೆ ತೆಗೆದಳು. ಗೋಡೆಯ ಮೇಲಿನ ಕ್ಯಾಲೆಂಡರ್, ಮುದುಕಿಯ ಹಣೆಯ ಗೆರೆಗಳು, ಎಲ್ಲ ಒಮ್ಮೆಗೇ ಹರಿತವಾಗಿ ಎದ್ದು ನಿಂತವು.

"ಅವಳು ಸತ್ತಿಲ್ಲ," ಅಂದಳು ಮುದುಕಿ. "ಕಳಿಸಿದವಳು ನಾನು. ಕಟ್ಟೆ ಮೇಲೆ ಜೋಡು ಬಿಟ್ಟು ಹೋಗು ಅಂತ ಹೇಳ್ಕೊಟ್ಟವಳೂ ನಾನೇ. ಬಿಟ್ಟುಹೋದ ಹೆಂಡತಿ ಅಂದ್ರೆ ಅವನು ದೇಶವೆಲ್ಲ ಜಾಲಾಡ್ತಿದ್ದ. ಸತ್ತವಳನ್ನಾದ್ರೆ ಬಿಡ್ತಾನೆ ಅಂದ್ಕೊಂಡೆ. ಬಿಡಲಿಲ್ಲ. ನಿನ್ನ ಕರ್ಕೊಂಡು ಬಂದ. ನನಗೋಸ್ಕರ ಅಂತ ಹೇಳ್ದ, ಅಲ್ವಾ? ನೀನು ಬರೋ ಮುಂಚೆ ಎರಡು ವರ್ಷದಲ್ಲಿ ನಾನು ಒಂದ್ಸಲಾನೂ ಅವಳನ್ನ ಕೇಳಿಲ್ಲ."

ಹೊರಗೆ ಗೇಟು ಕಿರುಗುಟ್ಟಿತು. ಜುಮುನ್‌ಜಿನ್ ಎಂಬ ಬಂದರಿನೂರು, ಅಲ್ಲಿ ತನ್ನ ಹಳೆಯ ಗೆಳತಿಯ ಒಣಮೀನಿನ ಅಂಗಳ ಎಂದಷ್ಟು ಪಿಸುಗುಟ್ಟಿ ಮುದುಕಿ ಕಣ್ಣು ಮುಚ್ಚಿಕೊಂಡಳು. ಹಾರಿಮ್ ಕನ್ನಡಕ ಹಾಕಿಕೊಂಡು ಎದ್ದು ಸಿಂಪಿಯ ಚೀಲ ಇಸಕೊಂಡಳು. ಗಿಹೋ ಅವಳ ಬೆರಳು ಮುಟ್ಟಿ ಚಳಿಯಾ ಎಂದು ಕೇಳಿದ. ಹೌದು ಅಂದಳು.

ಮರುದಿನವೇ ಪೆಟ್ಟಿಗೆ ಎತ್ತಿಕೊಂಡು ಹೊರಡಬೇಕಿತ್ತು. ಅದನ್ನು ಮುದುಕಿಯೂ ಬಯಸಿದ್ದಳು. ಆದರೆ ಹಾರಿಮಳ ಎದೆಯಲ್ಲಿ ಎದ್ದದ್ದು ಭಯವಾಗಿರಲಿಲ್ಲ, ಹೊಟ್ಟೆಕಿಚ್ಚು. ಸತ್ತವಳ ಜಾಗದಲ್ಲಿ ಕೂರುವುದು ಬೇರೆ. ಬದುಕಿರುವವಳು ಬೇಡವೆಂದು ಎದ್ದುಹೋದ ಜಾಗದಲ್ಲಿ ಕೂತು, ಅಲ್ಲೂ ಅವಳ ಹೆಸರಿಗೇ ಓಗೊಡುವುದೆಂದರೆ ಬೇರೆ. ರಾತ್ರಿ ಅವನು ನಿದ್ದೆಯಲ್ಲಿ ಸೊನೋಕ್ ಎಂದಾಗ ಮೊದಲ ಬಾರಿಗೆ ಅದು ತನ್ನನ್ನು ಕರೆದದ್ದಲ್ಲ ಅನ್ನಿಸಿತು. ಆ ಹೆಂಗಸನ್ನು ಕಣ್ಣಾರೆ ನೋಡಬೇಕು. ಅವಳಲ್ಲಿ ಏನಿದೆ, ನನ್ನಲ್ಲಿ ಏನು ಕಮ್ಮಿ. ಇದೊಂದೇ ಯೋಚನೆ ಹತ್ತು ದಿನ ಅವಳನ್ನು ಕೊರೆಯಿತು.

ಬೂಸಾನಿನ ಬೌದ್ಧ ಮಠದಲ್ಲಿ ತನ್ನ ತಾಯಿಯ ತಿಥಿ ಇದೆ, ಒಂದು ರಾತ್ರಿ ಅಲ್ಲೇ ಉಳಿಯಬೇಕು ಎಂದಳು. ಗಿಹೋ ಕ್ಯಾಲೆಂಡರ್ ನೋಡಿದ. ಆಮೇಲೆ, ನಾಳೆ ಸಂಜೆ ಆರರೊಳಗೆ ಬಂದುಬಿಡು, ನಾಳೆ ಮುಖ್ಯವಾದ ದಿನ ಅಂದ. ಶೂಗಳನ್ನು ತಾನೇ ತಂದು ಅವಳ ಮುಂದಿಟ್ಟ.

ಜುಮುನ್‌ಜಿನ್ ತಲುಪುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಬಂದರಿನ ಹಿಂದೆ ಬಿದಿರಿನ ಗಳುಗಳ ಮೇಲೆ ಸಾಲುಸಾಲಾಗಿ ಬೊಂಡಾಸ್ ಮೀನು ಒಣಗುತ್ತಿತ್ತು. ಅಂಗಳದ ನಡುವೆ ರಬ್ಬರ್ ಬೂಟು ತೊಟ್ಟ ದಪ್ಪನೆಯ ಹೆಂಗಸೊಬ್ಬಳು ಯಾರನ್ನೋ ಗದರುತ್ತಿದ್ದಳು. ಒಡಕು ದನಿ, ಕಡಲಗಾಳಿಗೆ ಕೂಗಿ ಕೂಗಿ ಉಬ್ಬಿದ್ದು. ಆ ಗದರಿಕೆಗೆ ಪಕ್ಕದವಳು ಏನೋ ಕುಹಕವಾಡಿದಳು. ದಪ್ಪ ಹೆಂಗಸು ಬಾಯಿ ಪೂರ್ತಿ ತೆರೆದು, ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಹಾರಿಮ್ ಅವಳನ್ನೇ, ಸೊನೋಕ್ ಅನ್ನುವವರು ಎಲ್ಲಿ ಎಂದು ಕೇಳಿದಳು.

ನಗು ನಿಂತಿತು. ಹೆಂಗಸಿನ ಕಣ್ಣು ಹಾರಿಮ್ ತೊಟ್ಟಿದ್ದ ಬೂದು ಕೋಟಿನ ಮೇಲೆ, ಆಮೇಲೆ ಕನ್ನಡಕದ ಮೇಲೆ ನಿಂತಿತು. ಎರಡು ಹೆಜ್ಜೆ ಹಿಂದೆ ಸರಿದು ಗಳುವನ್ನು ಹಿಡಿದುಕೊಂಡಳು.

"ಅವನೂ ಬಂದಿದ್ದಾನಾ?"

ಇಲ್ಲ, ನಾನೊಬ್ಬಳೇ, ಅತ್ತೆ ಹೇಳಿದರು ಎಂದಳು ಹಾರಿಮ್. ಸೊನೋಕ್ ಅವಳನ್ನು ಉಪ್ಪಿನ ಮೂಟೆಗಳ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮುಖದಲ್ಲಿ, ಮೈಕಟ್ಟಿನಲ್ಲಿ, ದನಿಯಲ್ಲಿ ಯಾವ ಹೋಲಿಕೆಯೂ ಇರಲಿಲ್ಲ. ಹಾರಿಮ್ ಚೀಲದಿಂದ ನೋಟ್‌ಬುಕ್ ತೆಗೆದು ಕೊಟ್ಟಳು. ಯಾಕೆ ತಂದಿದ್ದಳೋ ಅವಳಿಗೇ ತಿಳಿಯದು. ಪರೀಕ್ಷೆಗೆ ಬಂದ ಹುಡುಗಿಯ ಹಾಗೆ ತಂದಿದ್ದಳು. ಸೊನೋಕ್ ನಿಂತಲ್ಲೇ ನಾಲ್ಕಾರು ಪುಟ ಓದಿದಳು.

"ನಾನು ಏಡಿ ಮುಟ್ಟಲ್ಲ. ಮೈಯೆಲ್ಲ ದದ್ದು ಏಳತ್ತೆ," ಅಂದಳು. "ಬಾಯಿಗೆ ಕೈ ಇಟ್ಕೊಂಡು ನಗು, ಚೆನ್ನಾಗಿ ಕಾಣ್ಸುತ್ತೆ ಅಂತ ಅವನೇ ಹೇಳ್ತಿದ್ದ. ನಾನು ನಕ್ಕಿದ್ದೇ ಕಮ್ಮಿ. ಸಿಟ್ಟು ಬಂದ್ರೆ ಪಾತ್ರೆ ಎಸೀತಿದ್ದೆ. ಇದ್ಯಾರು ನಂಗೊತ್ತಿಲ್ಲ ನೋಡಿ. ನಾನು ಮನೇಲಿದ್ದಾಗ್ಲೂ ಅವನು ಇವಳ ಜೊತೇನೇ ಇದ್ದ."

ಹಾರಿಮ್‌ಗೆ ಕಾಲ ಕೆಳಗಿನ ಉಪ್ಪು ಜಾರಿದಂತಾಯಿತು. ಹೊಟ್ಟೆಕಿಚ್ಚು ಪಡಲು ಕೂಡ ಯಾರೂ ಉಳಿಯಲಿಲ್ಲ. ಇಷ್ಟು ದಿನ ಹಟ ಹಿಡಿದು ಹೋಲಲು ಹೆಣಗಿದ ಆ ಹೆಂಗಸು ಎಲ್ಲೂ ಹುಟ್ಟಿರಲೇ ಇಲ್ಲ.

ಹೊರಡುವಾಗ ಸೊನೋಕ್ ಅವಳ ಮುಂಗೈ ಹಿಡಿದಳು. ಹಿಡಿತ ನೋವಾಗುವಷ್ಟು ಬಿಗಿಯಾಗಿತ್ತು.

"ಅವನು ಕೇಳ್ತಾನೆ. ಗಟ್ಟಿಯಾಗಿ ಕೇಳಲ್ಲ, ಮೆತ್ತಗೆ ಕೇಳ್ತಾನೆ. ಆ ಮೆತ್ತಗಿನ ದನಿಗೆ ಎಲ್ಲ ಹೇಳಿಬಿಡೋಣ ಅನ್ನಿಸತ್ತೆ. ಹೇಳಬೇಡಿ ಅಕ್ಕ."

ಹಾರಿಮ್ ಮಾತು ಕೊಟ್ಟಳು. ರಾತ್ರಿಯನ್ನು ಸಾರ್ವಜನಿಕ ಬಿಸಿನೀರ ಸ್ನಾನಗೃಹದ ನೆಲದಲ್ಲಿ ಕಳೆದು, ಬೆಳಿಗ್ಗೆ ಮೊದಲ ಬಸ್ಸು ಹಿಡಿದಳು. ದಾರಿಯುದ್ದಕ್ಕೂ ಮಸಾನಿಗೆ ಹೋಗದೆ ಇಳಿದುಬಿಡುವ ಊರುಗಳು ಒಂದಾದ ಮೇಲೊಂದು ಬಂದವು. ಎಲ್ಲೂ ಇಳಿಯಲಿಲ್ಲ. ಹೋಗದಿದ್ದರೆ ಅವನು ಹುಡುಕುತ್ತಾನೆ, ಹುಡುಕುತ್ತ ಹೊರಟರೆ ಎಲ್ಲಿ ಮುಟ್ಟುತ್ತಾನೋ ಎಂದು ತನಗೆ ತಾನೇ ಹೇಳಿಕೊಂಡಳು. ಅದು ನಿಜವಾಗಿತ್ತು. ಅವನನ್ನು ಇನ್ನೊಮ್ಮೆ ನೋಡಬೇಕು ಎಂಬುದೂ ಅಷ್ಟೇ ನಿಜವಾಗಿತ್ತು.

ಐದೂವರೆಗೆ ಮನೆಯ ಬಾಗಿಲು ತೆರೆದಾಗ ಒಳಗೆ ಧೂಪದ ಹೊಗೆ ತುಂಬಿತ್ತು. ನಡುಮನೆಯಲ್ಲಿ ತಗ್ಗು ಮೇಜಿನ ಮೇಲೆ ತಿಥಿಯ ಎಡೆ ಸಿದ್ಧವಾಗಿತ್ತು: ಮೀನು, ಸೊಪ್ಪುಗಳು, ಮೇಲ್ಭಾಗ ಕೊಯ್ದಿಟ್ಟ ಪೇರ್ ಹಣ್ಣು, ಸಾರು, ತುಂಬಿದ ಅನ್ನದ ಬಟ್ಟಲು. ಅನ್ನದಲ್ಲಿ ಚಮಚ ನೆಟ್ಟಗೆ ನಿಂತಿತ್ತು, ಸತ್ತವರಿಗೆ ಇಡುವ ಹಾಗೆ. ತೀರಿಕೊಂಡವರ ಭಾವಚಿತ್ರ ಇಡುವ ಜಾಗ ಖಾಲಿಯಿತ್ತು. ಅಲ್ಲಿ ಒಂದು ಕೂರುವ ದಿಂಬು ಹಾಸಿದ್ದ.

ಗಿಹೋ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಬಂದವನು ಅವಳ ಕಾಲಿನಿಂದ ಶೂ ಬಿಚ್ಚಿ, ಎರಡನ್ನೂ ಎತ್ತಿಕೊಂಡು ಒಳಕೋಣೆಗೆ ಹೋಗಿ ಬಂದ. ಬೀರುವಿಗೆ ಬೀಗ ಬಿದ್ದ ಸದ್ದು ಕೇಳಿಸಿತು.

"ಮಠಕ್ಕೆ ಫೋನ್ ಮಾಡಿದ್ದೆ," ಅಂದ. "ನಿನ್ನಮ್ಮನ ತಿಥಿ ಆಗಸ್ಟ್‌ನಲ್ಲಂತೆ."

ಅವಳು ಬೀಗದ ಸದ್ದು ಬಂದ ಕೋಣೆಯ ಕಡೆ ನೋಡಿದಳು.

"ಪರವಾಗಿಲ್ಲ. ಬಂದ್ಯಲ್ಲ. ಇವತ್ತಿಗೆ ಮೂರು ವರ್ಷ. ಪ್ರತಿ ವರ್ಷ ಬಾಗಿಲು ತೆರೆದಿಟ್ಟು ಕಾದಿದ್ದೀನಿ, ಯಾರೂ ಬಂದು ತಿಂದಿಲ್ಲ. ಈ ಸಲ ನೀನು ಕೂತ್ಕೊಂಡು ಪೂರ್ತಿ ತಿನ್ನು ಸೊನೋಕ್. ಆಮೇಲೆ ಈ ತಿಥಿ ಬೇಡ. ಯಾರೂ ಸತ್ತಿಲ್ಲ ಅಂತಾಗತ್ತೆ."

ಅವನ ದನಿ ಮೆತ್ತಗಿತ್ತು. ಅವಳನ್ನು ದಿಂಬಿನ ಮೇಲೆ ಕೂರಿಸಿ, ಅನ್ನದಲ್ಲಿ ನೆಟ್ಟ ಚಮಚದ ಕಡೆ ಅವಳ ಕೈಯನ್ನು ತಾನೇ ಒಯ್ದ. ಆಗ ಅವಳ ತೋಳಿನ ಹತ್ತಿರ ಬಾಗಿದವನು ಹಾಗೇ ನಿಂತ. ಕೋಟಿನ ತೋಳನ್ನು ಮೂಗಿಗೆ ಹಿಡಿದ.

"ಒಣಮೀನಿನ ವಾಸನೆ," ಅಂದ. "ಎಲ್ಲಿಗೆ ಹೋಗಿದ್ದೆ?"

ಹೇಳಿಬಿಡೋಣ ಅನ್ನಿಸಿತು. ಸೊನೋಕ್ ಹೇಳಿದ ಹಾಗೆಯೇ. ಹೇಳಿದರೆ ಇವನು ಹೋಗುತ್ತಾನೆ, ಆ ಒಡಕು ದನಿಯನ್ನು ಕೇಳುತ್ತಾನೆ, ಕನಸು ಒಡೆಯುತ್ತದೆ, ನನ್ನ ಬಳಿಗೆ ಮರಳುತ್ತಾನೆ. ಆ ಆಸೆ ಒಂದು ಕ್ಷಣ ಅವಳ ನಾಲಗೆಯ ತುದಿಯವರೆಗೂ ಬಂತು. ಮುಂಗೈಯಲ್ಲಿ ಸೊನೋಕಳ ಬೆರಳಿನ ಗುರುತು ಇನ್ನೂ ಕೆಂಪಾಗಿತ್ತು.

ಅವಳು ಕನ್ನಡಕ ತೆಗೆದು ಎಡೆಯ ಪಕ್ಕ ಇಟ್ಟಳು. ಬೆನ್ನು ನೆಟ್ಟಗೆ ಮಾಡಿದಳು. ಎಷ್ಟೋ ಮನೆಗಳಲ್ಲಿ ಎಷ್ಟೋ ಜನರಾಗಿ ಮಾತಾಡಿದ್ದ ದನಿಯಲ್ಲಿ ಹೇಳಿದಳು: "ತಿಂತೀನಿ. ತಿನ್ನೋಕೂ ಮುಂಚೆ ಒಂದು ಮಾತಿದೆ. ಕೇಳ್ತೀರಾ?"

ಅವನು ಮಂಡಿಯೂರಿ ಕೂತ.

"ಆ ದಿನ ಕಟ್ಟೆ ಮೇಲೆ ನನ್ನ ಕಾಲು ಜಾರಲಿಲ್ಲ ರೀ. ನಾನೇ ಜೋಡು ಬಿಚ್ಚಿಟ್ಟೆ. ಕನ್ನಡಕ ಸರಿಯಿಲ್ಲ ಅಂತ ನಂಗೊತ್ತಾಗಿತ್ತು. ನಿಮ್ಮ ತೋಳು ಹಿಡಿದು ಸಾಕಾಗಿತ್ತು. ನೀವು ಹುಡುಕದೆ ಇರೋ ಜಾಗ ಅಂದ್ರೆ ಅದೊಂದೇ ಇತ್ತು, ಅಲ್ಲಿಗೆ ಹೋದೆ. ವಾಪಸ್ ಕರೀಬೇಡಿ."

ಅವನ ಮುಖದ ಬಣ್ಣವೆಲ್ಲ ಇಳಿಯಿತು. ಕನ್ನಡಕದ ವಿಷಯ ಮಸಾನಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಸೊನೋಕ್ ಹೀಗೆ ಮಾತಾಡಲ್ಲ," ಅಂದ.

"ಮಾತಾಡ್ತಿದ್ದೆ. ಪಾತ್ರೆ ಎಸೆದು ಮಾತಾಡ್ತಿದ್ದೆ. ನೀವು ನೋಟ್‌ಬುಕ್‌ನಲ್ಲಿ ಬರ್ಕೊಳ್ಳಲಿಲ್ಲ."

ಅವನು ಎದ್ದ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತ. ಧೂಪ ಉರಿದು ಬೂದಿ ಉದುರುವಷ್ಟು ಹೊತ್ತು ಇಬ್ಬರೂ ಅಲುಗಲಿಲ್ಲ. ಅವನು ಕೈ ಎತ್ತಿದರೆ ಕೂಗುವುದೋ, ಕಿಟಕಿಯ ಕಡೆ ಓಡುವುದೋ ಎಂದು ಹಾರಿಮ್ ಎಣಿಸುತ್ತಿದ್ದಳು. ಕೆಳಗೆ ಮೀನಿನಂಗಡಿಯವಳು ಶಟರ್ ಎಳೆಯುವ ಸದ್ದು ಬಂತು. ಇನ್ನು ಕೂಗಿದರೂ ಕೇಳುವವರಿಲ್ಲ.

"ಅವಳು ಬದುಕಿದ್ದಾಳಾ?" ಎಂದು ಕೇಳಿದ. "ನೋಡಿ ಬಂದ್ಯಾ? ಅದೊಂದು ಹೇಳು. ನಿನ್ನನ್ನ ಏನೂ ಮಾಡಲ್ಲ."

ಅವಳು ಅವನ ಕಣ್ಣುಗಳನ್ನೇ ನೋಡಿದಳು. ಮಂಜಿಲ್ಲದೆ ಅವನನ್ನು ಇಷ್ಟು ಹತ್ತಿರದಿಂದ ನೋಡಿ ತಿಂಗಳುಗಳಾಗಿದ್ದವು. ವಯಸ್ಸಾದ, ನಿದ್ದೆಯಿಲ್ಲದ, ಹೆದರಿದ ಮುಖ. ಅವನ ಮೇಲಿನ ಪ್ರೀತಿ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಅದೇ ಅವಳಿಗೆ ಭಯ ಹುಟ್ಟಿಸಿತು.

"ಸತ್ತಿದ್ದಾಳೆ," ಅಂದಳು. "ಅತ್ತೆಗೂ ಗೊತ್ತು. ಅವರೇ ನಂಗೆ ಹೇಳಿದ್ದು. ಸಾಯೋ ಮುಂಚೆ ಸೊನೋಕ್ ಅವರ ಹತ್ರ ಹೋಗಿ ಎಲ್ಲ ಹೇಳ್ಕೊಂಡು ಅತ್ತಿದ್ರಂತೆ. ನಿನ್ನೆ ನಾನು ಕಡಲು ನೋಡೋಕೆ ಹೋಗಿದ್ದೆ ಅಷ್ಟೇ. ಎಲ್ಲಿಂದ ಬಿದ್ರೆ ಸಾಯ್ತಾರೆ ಅಂತ ನೋಡೋಕೆ."

ಕೊನೆಯ ಮಾತು ಎಲ್ಲಿಂದ ಬಂತೋ ಅವಳಿಗೆ ಗೊತ್ತಾಗಲಿಲ್ಲ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲವೇನೋ. ಗಿಹೋ ಬಾಗಿಲಿಗೆ ಆತುಕೊಂಡೇ ಕೆಳಗೆ ಜಾರಿ ಕೂತ. ತುಂಬ ಹೊತ್ತಿನ ಮೇಲೆ ಮಂಡಿಯ ಮೇಲೆ ತೆವಳಿ ಬಂದು ಅನ್ನದಿಂದ ಚಮಚ ಎತ್ತಿ ಮೇಜಿನ ಮೇಲೆ ಮಲಗಿಸಿದ. ತಿಥಿ ಮುಗಿದಾಗ ಮಾಡುವ ಹಾಗೆ. ಆಮೇಲೆ ಎರಡು ಸಲ ನೆಲಕ್ಕೆ ಹಣೆಯಿಟ್ಟು ನಮಸ್ಕರಿಸಿದ. ಎರಡನೆಯ ಸಲ ಏಳಲಿಲ್ಲ. ಬೆನ್ನು ಮಾತ್ರ ಕುಲುಕುತ್ತಿತ್ತು, ಸದ್ದಿರಲಿಲ್ಲ.

ಹಾರಿಮ್ ಅವನನ್ನು ದಾಟಿ ಚಿಲಕ ತೆಗೆದಳು. ಮನೆಯೊಳಗೆ ಹಾಕುವ ಬಟ್ಟೆಯ ಚಪ್ಪಲಿಯಲ್ಲೇ ಮೆಟ್ಟಿಲಿಳಿದು, ಕಂಬಿ ಹಿಡಿಯದೆ, ಮಾರ್ಚ್ ತಿಂಗಳ ಕೆಸರಿನಲ್ಲಿ ಬಸ್ ನಿಲ್ದಾಣದವರೆಗೂ ನಡೆದಳು. ಎರಡು ಪೆಟ್ಟಿಗೆಗಳು ಅಲ್ಲೇ ಉಳಿದವು.

ಆಮೇಲೆ ಅವಳು ಬೂಸಾನಿನ ಒಂದು ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಜೊಂಬುನಮ್ಮನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಾಗ ಮುದುಕಿ, ಭಾನುವಾರ ಬರಬೇಡ, ಬುಧವಾರ ಬಾ ಅಂದಳು. ಬೇಸಿಗೆಯಿಡೀ ಬುಧವಾರಗಳಂದು ಹೋದಳು. ಮಗ ಭಾನುವಾರ ಒಬ್ಬನೇ ಬರುತ್ತಾನೆ, ಸೊಸೆ ಸತ್ತಳಮ್ಮ ಎಂದು ಕೊನೆಗೂ ಬಾಯಿಬಿಟ್ಟು ಹೇಳಿ ಅತ್ತ, ನಾನೂ ಅತ್ತುಬಿಟ್ಟೆ ಎಂದು ಮುದುಕಿ ಒಮ್ಮೆ ಹೇಳಿದಳು. ಅತ್ತದ್ದು ನಿಜವಾ ಎಂದು ಹಾರಿಮ್ ಕೇಳಿದ್ದಕ್ಕೆ, ಮಗ ಅಷ್ಟು ಅತ್ತರೆ ತಾಯಿಗೆ ನಿಜವೇನು ಸುಳ್ಳೇನು ಅಂದಳು.

ಅಕ್ಟೋಬರ್‌ನಲ್ಲಿ ಮುದುಕಿ ತೀರಿಕೊಂಡಳು. ಆಸ್ಪತ್ರೆಯ ನೆಲಮಾಳಿಗೆಯ ಶೋಕಗೃಹದಲ್ಲಿ ಗಿಹೋ ತೋಳಿಗೆ ಸೂತಕದ ಪಟ್ಟಿ ಕಟ್ಟಿಕೊಂಡು ಬಂದವರಿಗೆಲ್ಲ ಬಾಗುತ್ತಿದ್ದ. ಹಾರಿಮ್ ಭಾವಚಿತ್ರದ ಮುಂದೆ ನಮಸ್ಕರಿಸಿ, ಅವನ ಎದುರು ಬಾಗಿದಳು. ಅವನೂ ಬಾಗಿದ.

"ಅಮ್ಮನಿಗೆ ನೀವು ಹೇಗೆ ಪರಿಚಯ?" ಎಂದು ಕೇಳಿದ.

ಅವನಿಗೆ ನಿಜಕ್ಕೂ ಗುರುತು ಸಿಗಲಿಲ್ಲವೋ, ಅವಳನ್ನು ಹಾಗೆ ಬಿಟ್ಟುಕೊಡುತ್ತಿದ್ದನೋ ಆ ಕಣ್ಣುಗಳಿಂದ ತಿಳಿಯುವಂತಿರಲಿಲ್ಲ. ಬುಧವಾರ ಬಂದು ನೋಡ್ಕೊಳ್ತಿದ್ದೆ ಅಂದಳು. ಅವನು ಉಪಕಾರವಾಯಿತೆಂದು ಹೇಳಿ, ಬಿಸಿ ಸಾರಿದೆ, ಊಟ ಮಾಡ್ಕೊಂಡು ಹೋಗಿ ಅಂದ. ಅವಳು ಮೂಲೆಯ ಮೇಜಿನಲ್ಲಿ ಕೂತು ಖಾರದ ಮಾಂಸದ ಸಾರನ್ನು ಕೊನೆಯ ಹನಿಯವರೆಗೂ ಕುಡಿದಳು.

ನವೆಂಬರ್‌ನ ಒಂದು ಕೆಲಸದ ದಿನ ಸೊನೋಕ್ ಮುಸುಕು ಹಾಕಿಕೊಂಡು ಬಂದಳು. ಮುದುಕಿಯ ಬೂದಿಯನ್ನು ತೊಂಗ್‌ಯೊಂಗ್‌ನ ಗುಡ್ಡದಲ್ಲಿ ಪೈನ್ ಮರವೊಂದರ ಬುಡದಲ್ಲಿ ಹೂತಿದ್ದರು. ಇಬ್ಬರೂ ಮದ್ಯ ಸುರಿದು, ನಮಸ್ಕರಿಸಿ, ಮರದ ಕೆಳಗೆ ಕೂತರು. ಗಿಹೋ ಅಂಗಡಿ ಮುಚ್ಚಿ ಬೇರೆ ಊರಿಗೆ ಹೋದನೆಂದು ಮೀನಿನಂಗಡಿಯಾಕೆ ಹೇಳಿದ್ದಳು, ಯಾವ ಊರೆಂದು ಅವಳಿಗೂ ಗೊತ್ತಿರಲಿಲ್ಲ. ಆದ್ದರಿಂದ ಸೊನೋಕ್ ಇಳಿಜಾರಿನ ಕಡೆ ಆಗಾಗ ತಿರುಗಿ ನೋಡುತ್ತಲೇ ಇದ್ದಳು. ಚೀಲದಿಂದ ಕಿತ್ತಳೆ ತೆಗೆದು ಸುಲಿಯುತ್ತ, ಕಣ್ಣೆತ್ತದೆ ಕೇಳಿದಳು.

"ನಿಮಗೆ ಅವನು ನೆನಪಾಗ್ತಾನಾ ಅಕ್ಕ?"

ಇಲ್ಲ ಅನ್ನಲು ಹಾರಿಮ್ ಬಾಯಿ ತೆರೆದಳು. "ದಿನಾ," ಅಂದಳು.

ಸೊನೋಕ್ ತಲೆಯಾಡಿಸಿದಳು. ಹಣ್ಣನ್ನು ಎರಡು ಹೋಳು ಮಾಡಿ ದೊಡ್ಡದನ್ನು ಅವಳ ಕೈಗಿಟ್ಟಳು. "ನಂಗೆ ಎರಡು ವರ್ಷ ಹಾಗೇ ಇತ್ತು," ಅಂದಳು. ಆಮೇಲೆ ಬಸ್ಸಿನ ಹೊತ್ತಾಯಿತೆಂದು ಇಬ್ಬರೂ ಎದ್ದು, ಬಟ್ಟೆಗೆ ಅಂಟಿದ ಪೈನ್ ಸೂಜಿಗಳನ್ನು ಕೊಡವಿಕೊಂಡು ಗುಡ್ಡ ಇಳಿದರು.